ಅವ್ವನ ಹಿಂದೆ ಸಮುದ್ರ ಎಷ್ಟು ಎತ್ತರಕ್ಕೆ ಬರಬೇಕು?

ನಮ್ಮ ಸ್ಟುಡಿಯೊ ಇರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಇಲ್ಲಿಂದ ಮಂಗಳೂರಿನ ಕಡಲಿಗೆ ಸುಮಾರು 250 ಕಿಲೋಮೀಟರ್. ಆದರೂ ಸಮುದ್ರದ ಚಿತ್ರ ಬರೆದುಕೊಡಿ ಎಂದು ಬರುವವರು ಕಡಿಮೆ ಇಲ್ಲ. ಬರುವವರು ಮೊಬೈಲ್‌ನಲ್ಲಿ ಎರಡು ಫೋಟೊ ತೋರಿಸುತ್ತಾರೆ, ಒಂದು ಮನೆಯವರದ್ದು, ಇನ್ನೊಂದು ಪ್ರವಾಸ ಹೋದಾಗ ತೆಗೆದ ಸಮುದ್ರದ್ದು. "ಇವರನ್ನ ಅಲ್ಲಿ ನಿಲ್ಲಿಸಿಬಿಡಿ ಸಾರ್, ಅಷ್ಟೇ." ಆ "ಅಷ್ಟೇ" ಕೇಳಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಯಾಕೆ ಆಗುವುದಿಲ್ಲ ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಬಣ್ಣದ ಬಗ್ಗೆ ವಾದ ಮಾಡುವವರೂ ಇದ್ದಾರೆ, ನೀಲಿ ಜಾಸ್ತಿ ಹಾಕಿ ಎನ್ನುತ್ತಾರೆ, ಅದನ್ನು ಹೇಗೋ ಸರಿ ಮಾಡಬಹುದು. ದಿಗಂತದ ಗೆರೆ ತಪ್ಪಿದರೆ ಮಾತ್ರ ಯಾವ ಬಣ್ಣ ಬಳಿದರೂ ಚಿತ್ರ ಉಳಿಯುವುದಿಲ್ಲ.

ವಿಷಯ ಒಂದೇ. ಸಮುದ್ರದ ಮೇಲೆ ಆಕಾಶ ಕೂಡುವ ಗೆರೆ ಯಾವಾಗಲೂ ನೋಡುವವರ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ನೀವು ಮರಳಿನ ಮೇಲೆ ಕೂತರೆ ಆ ಗೆರೆಯೂ ನಿಮ್ಮ ಜೊತೆ ಇಳಿಯುತ್ತದೆ. ನಿಂತರೆ ಏಳುತ್ತದೆ. ಲೈಟ್‌ಹೌಸ್ ಹತ್ತಿದರೆ ಅದೂ ಹತ್ತಿ ಬರುತ್ತದೆ. ಕೂತವರಿಗೆ ಸುಮಾರು ಮೂರು ಕಿಲೋಮೀಟರ್ ದೂರದ ನೀರು ಆ ಗೆರೆಯಾಗಿ ಕಾಣುತ್ತದೆ, ನಿಂತವರಿಗೆ ನಾಲ್ಕೂವರೆ, 100 ಅಡಿ ಎತ್ತರದಲ್ಲಿ ಇದ್ದವರಿಗೆ ಇಪ್ಪತ್ತರ ಹತ್ತಿರ. ದೂರ ಬದಲಾಗುತ್ತದೆ, ಕಣ್ಣಿನ ಮಟ್ಟ ಎಂಬುದು ಬದಲಾಗುವುದಿಲ್ಲ. ಭೂಮಿ ಗುಂಡಗಿರುವುದರಿಂದ ಎತ್ತರಕ್ಕೆ ಹೋದಂತೆ ಗೆರೆ ಕೂದಲೆಳೆಯಷ್ಟು ಕೆಳಗೆ ಸರಿಯುತ್ತದೆ ಎಂದು ಲೆಕ್ಕ ಬಲ್ಲವರು ಹೇಳುತ್ತಾರೆ. ಅದು ನಿಜ. ಆದರೆ ಕುಂಚದ ತುದಿಗೆ ಅದು ಸಿಗುವುದಿಲ್ಲ.

ನಂಬಿಕೆ ಬರದಿದ್ದರೆ ಸಮುದ್ರಕ್ಕೇ ಹೋಗಬೇಕಾಗಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ನಂದಿ ಹತ್ತಿರ ಒಮ್ಮೆ ನಿಂತು ತಿರುಗಿ ನೋಡಿ, ಮೇಲೆ ಹೋಗಿ ಮತ್ತೆ ನೋಡಿ. ಊರು ಕೆಳಗೆ ಕೆಳಗೆ ಹೋಗುತ್ತದೆ, ಆದರೆ ಊರಾಚೆಯ ಬಯಲಿನ ಕೊನೆಯ ಅಂಚು ಮಾತ್ರ ನಿಮ್ಮ ಕಣ್ಣಿನ ನೇರಕ್ಕೇ ನಿಂತಿರುತ್ತದೆ. ನನ್ನ ಹತ್ತಿರ ಕಲಿಯಲು ಬರುವ ಮಕ್ಕಳಿಗೆ ಮೊದಲ ತಿಂಗಳೇ ಇದನ್ನು ಮಾಡಿಸುತ್ತೇನೆ. ಆಮೇಲೆ ನೀರಿಗೆ ಕೆಆರ್‌ಎಸ್ ಹಿನ್ನೀರು ಇದೆ, ಗಾಳಿ ಇರುವ ದಿನ ಅಲ್ಲಿ ಕಲಿಯುವುದು ಬೇಕಾದಷ್ಟಿದೆ.

ಈಗ ಜನರ ವಿಷಯಕ್ಕೆ ಬರೋಣ. ಗೆರೆ ನಿಮ್ಮ ಕಣ್ಣಿನ ಮಟ್ಟದಲ್ಲಿ ಇದೆ ಅಂದರೆ, ನಿಮ್ಮಷ್ಟೇ ಎತ್ತರದವರು ಅದೇ ಮರಳಿನ ಮೇಲೆ 10 ಅಡಿ ದೂರ ನಿಂತಿರಲಿ, 300 ಅಡಿ ದೂರ ನಿಂತಿರಲಿ, ಆ ಗೆರೆ ಅವರ ಕಣ್ಣಿನ ಹಿಂದೆಯೇ ಹಾದುಹೋಗುತ್ತದೆ. ದೂರದವರು ಚಿಕ್ಕವರಾಗಿ ಕಾಣುತ್ತಾರೆ, ಗೆರೆ ಕತ್ತರಿಸುವ ಜಾಗ ಮಾತ್ರ ಅದೇ. ಕ್ಯಾಮೆರಾ ಸೊಂಟದ ಮಟ್ಟದಲ್ಲಿ ಇದ್ದರೆ ಎಲ್ಲರ ಸೊಂಟದ ಹಿಂದೆ ಹೋಗುತ್ತದೆ. ಮರಳು ಇಳಿಜಾರಾಗಿದ್ದರೆ ನೀರಿನ ಹತ್ತಿರ ಇರುವವರು ಸ್ವಲ್ಪ ಕೆಳಗೆ ಬೀಳುತ್ತಾರೆ, ಅಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಆಗಬಹುದು. ಕ್ಯಾಮೆರಾ ಮೇಲೆ ಕೆಳಗೆ ಬಾಗಿಸಿದರೆ ಗೆರೆ ಫೋಟೊದಲ್ಲಿ ಜಾಗ ಬದಲಿಸುತ್ತದೆ, ಆದರೆ ಜನರ ಮೈಯನ್ನು ಕತ್ತರಿಸುವ ಜಾಗ ಬದಲಿಸುವುದಿಲ್ಲ. ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು, ನೀವೇ ಯಾವ ಚಿತ್ರ ಸುಳ್ಳು ಎಂದು ಹೇಳಬಲ್ಲಿರಿ.

ಜಪಾನಿನ ಹೊಕುಸಾಯ್ 1831ರ ಸುಮಾರಿಗೆ ಮಾಡಿದ ದೊಡ್ಡ ಅಲೆಯ ಮರದಚ್ಚಿನ ಚಿತ್ರವನ್ನು ನೋಡಿಯೇ ಇರುತ್ತೀರಿ, ಟೀ ಶರ್ಟ್ ಮೇಲೂ ಬರುತ್ತದೆ. ಅದರಲ್ಲಿ ಫ್ಯೂಜಿ ಬೆಟ್ಟ ಇದೆ. ಆ ಬೆಟ್ಟದ ಎತ್ತರ 3,776 ಮೀಟರ್. ಚಿತ್ರದಲ್ಲಿ ಅದು ಅಲೆಯ ಬಾಯಿಯ ಕೆಳಗೆ ಸಿಕ್ಕ ಪುಟ್ಟ ಗುಡ್ಡೆಯ ಹಾಗಿದೆ. ಅಲೆ ಬೆಟ್ಟಕ್ಕಿಂತ ದೊಡ್ಡದೆಂದಲ್ಲ. ನೋಡುವ ಕಣ್ಣನ್ನು ಅವರು ನೀರಿನ ಮಟ್ಟಕ್ಕೆ, ದೋಣಿಗಳಲ್ಲಿ ಹುಟ್ಟು ಹಿಡಿದು ಬಗ್ಗಿ ಕೂತವರ ಹತ್ತಿರಕ್ಕೆ ಇಳಿಸಿದ್ದಾರೆ. ಅಲೆಯ ತುದಿ ಕಣ್ಣಿಗಿಂತ ಮೇಲೆ ಎದ್ದದ್ದರಿಂದ ಅದು ಆಕಾಶಕ್ಕೇ ನುಗ್ಗಿದೆ. ಅದೇ ಅಲೆಯನ್ನು ಗುಡ್ಡದ ಮೇಲಿಂದ ನೋಡಿದ್ದರೆ ದಿಗಂತದ ಕೆಳಗೆ ಚಾಪೆಯ ಮಡಿಕೆಯ ಹಾಗೆ ಬಿದ್ದಿರುತ್ತಿತ್ತು. ಅಲೆ ದೊಡ್ಡದಾಗಿ ಕಾಣಬೇಕು ಎನ್ನುವವರು ಅಲೆಯನ್ನು ಹಿಗ್ಗಿಸಲು ಹೇಳುತ್ತಾರೆ. ಹಿಗ್ಗಿಸುವುದು ಬೇಡ, ನೋಡುವವರನ್ನು ಇಳಿಸಿ.

ಸಿನಿಮಾದವರಿಗೆ ಇದು ಚೆನ್ನಾಗಿ ಗೊತ್ತು. 1975ರ 'ಜಾಸ್' ಎಂಬ ಹಾಲಿವುಡ್‌ನ ಶಾರ್ಕ್ ಚಿತ್ರದಲ್ಲಿ ಕ್ಯಾಮೆರಾವನ್ನು ನೀರಿನ ಮೇಲ್ಮೈಗೇ ತಂದಿಟ್ಟರು, ಈಜುವವರ ಕಣ್ಣು ಎಲ್ಲಿರುತ್ತದೋ ಅಲ್ಲಿಗೆ. ನಮಗೆ ಹೆದರಿಕೆಯಾಗುವುದು ಶಾರ್ಕ್‌ಗಿಂತ ಹೆಚ್ಚು ಅದರಿಂದಲೇ ಎಂದು ನನ್ನ ಅನಿಸಿಕೆ. ದೋಣಿಯ ಮೇಲಿನ ದೃಶ್ಯಗಳಲ್ಲಿ ಕ್ಯಾಮೆರಾವನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದರು. ಸ್ಟ್ಯಾಂಡ್ ಮೇಲಿಟ್ಟರೆ ದೋಣಿಯ ಜೊತೆ ಅದೂ ಓಲಾಡಿ ದಿಗಂತ ಉಯ್ಯಾಲೆಯಾಗುತ್ತದೆ, ಮನುಷ್ಯನ ಮೈಯಾದರೆ ಓಲಾಟಕ್ಕೆ ತಕ್ಕಂತೆ ಬಳುಕಿ ಗೆರೆಯನ್ನು ಸಮ ಇಡುತ್ತದೆ. ಸ್ಟುಡಿಯೊದ ನೀರಿನ ತೊಟ್ಟಿ ಬಿಟ್ಟು ನಿಜವಾದ ಸಮುದ್ರಕ್ಕೇ ಇಳಿದದ್ದಕ್ಕೆ 55 ದಿನದ ಶೂಟಿಂಗ್ 159 ದಿನ ಹಿಡಿಯಿತು.

ಹಿರೋಶಿ ಸುಗಿಮೊಟೊ ಎಂಬ ಛಾಯಾಗ್ರಾಹಕರು 1980ರಿಂದ ಬೇರೆ ಬೇರೆ ಸಮುದ್ರಗಳನ್ನು ಕಪ್ಪು ಬಿಳುಪಿನಲ್ಲಿ ತೆಗೆಯುತ್ತಾ ಬಂದಿದ್ದಾರೆ. ಅರ್ಧ ನೀರು, ಅರ್ಧ ಆಕಾಶ, ಇನ್ನೇನೂ ಇಲ್ಲ. ಅವರು ಎಷ್ಟು ಎತ್ತರದಲ್ಲಿ ನಿಂತು ತೆಗೆದರು ಎಂದು ಗೆರೆ ನೋಡಿ ಹೇಳಲು ಆಗುವುದೇ ಇಲ್ಲ, ಯಾಕೆಂದರೆ ಅಳೆಯಲು ಅಲ್ಲಿ ಒಂದು ದೋಣಿಯೂ ಇಲ್ಲ. "ಒಂದು ಸಣ್ಣ ದೋಣಿ ಹಾಕಿಬಿಡಿ, ಖಾಲಿ ಕಾಣುತ್ತೆ" ಎನ್ನುತ್ತಾರಲ್ಲ, ಆ ದೋಣಿ ಬಂತೆಂದರೆ ಲೆಕ್ಕವೂ ಬಂತು.

ಹೋದ ವರ್ಷ ಮಂಡ್ಯದ ಕಡೆಯಿಂದ ಒಬ್ಬರು ಬಂದಿದ್ದರು. ತಾಯಿ ತೀರಿಕೊಂಡು ಆರು ತಿಂಗಳಾಗಿತ್ತು. "ನಮ್ಮವ್ವ ಸಮುದ್ರ ನೋಡ್ಬೇಕು ನೋಡ್ಬೇಕು ಅಂತಿದ್ರು ಸಾ. ಗದ್ದೆ, ಹಸ, ಆಲೆಮನೆ ಅಂತ ನಾನೇ ಕರ್ಕೊಂಡೋಗ್ಲಿಲ್ಲ." ಅವ್ವನ ಫೋಟೊ ಮನೆಯ ಅಂಗಳದ್ದು. ಸಮುದ್ರದ ಫೋಟೊ ಮುರುಡೇಶ್ವರದ ಒಂದು ಹೋಟೆಲಿನ ಎರಡನೇ ಮಹಡಿಯಿಂದ ತೆಗೆದದ್ದು, ಮರಳಿನಿಂದ 25 ಅಡಿಯಾದರೂ ಮೇಲೆ. ಅವ್ವ ಐದಡಿಗೂ ಒಂಚೂರು ಕಮ್ಮಿ. ಆ ಸಮುದ್ರವನ್ನೇ ಇಟ್ಟರೆ ದಿಗಂತ ಅವ್ವನ ಮೈಯ ಐದರಷ್ಟು ಎತ್ತರದಲ್ಲಿ ಹೋಗಬೇಕು. ಸುಮ್ನೆ ಅಂಟಿಸಿದರೆ ಮರಳು ಜಾರುಬಂಡೆಯಾಗುತ್ತದೆ, ಅವ್ವ ತೆಂಗಿನ ಮರದಷ್ಟು ಎತ್ತರದ ಹೆಂಗಸಾಗುತ್ತಾರೆ. ಹಾಗೆ ಮಾಡಿಕೊಡಲು ನನಗೆ ಮನಸ್ಸು ಬರಲಿಲ್ಲ.

ಅಂಗಳದ ಫೋಟೊದಲ್ಲಿ ಹಿಂದೆ ಓರೆಯಾಗಿ ಜಗಲಿ ಕಾಣುತ್ತಿತ್ತು, ಮೇಲೆ ಹಂಚಿನ ಸೂರು. ಜಗಲಿಯ ಅಂಚಿಗೂ ಸೂರಿನ ಅಂಚಿಗೂ ಸ್ಕೇಲ್ ಇಟ್ಟು ಗೆರೆ ಎಳೆದೆ. ಎರಡೂ ಗೆರೆ ಎಲ್ಲಿ ಕೂಡುತ್ತವೋ ಅದೇ ಫೋಟೊ ತೆಗೆದವರ ಕಣ್ಣಿನ ಮಟ್ಟ. ಅವು ಕೂಡಿದ್ದು ಅವ್ವನ ಸೊಂಟಕ್ಕಿಂತ ಸ್ವಲ್ಪ ಮೇಲೆ, ಮೂರಡಿ ಇರಬಹುದು. "ಕೂತು ತೆಗೆದಿರಾ?" ಎಂದು ಕೇಳಿದೆ. ಅವರು ಯೋಚನೆ ಮಾಡಿ, "ಇಲ್ಲ ಸಾ, ನನ್ನ ಮಗ ತೆಗ್ದಿದ್ದು. ಆಗ ಅವನಿಗೆ ಆರು ವರ್ಷ" ಎಂದರು.

ಅದಕ್ಕೇ ಹೇಳುವುದು, ಫೋಟೊ ತರುವಾಗ ಯಾರು ತೆಗೆದರು, ನಿಂತು ತೆಗೆದರೋ ಕೂತು ತೆಗೆದರೋ, ಮಹಡಿಯಿಂದಲೋ ಅಂತ ಕೇಳಿಕೊಂಡು ಬನ್ನಿ. ನನಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮುರುಡೇಶ್ವರದ ಫೋಟೊದಿಂದ ನೀರಿನ ಬಣ್ಣ, ನೊರೆ ಇಷ್ಟನ್ನೇ ತೆಗೆದುಕೊಂಡೆ. ದೋಣಿಗಳನ್ನು ಹೊಸದಾಗಿ ಬರೆಯಬೇಕಾಯಿತು. ಮೇಲಿಂದ ನೋಡಿದ ದೋಣಿಯ ಒಳಗೆ ಬಲೆ, ಹಲಗೆ ಎಲ್ಲ ಕಾಣುತ್ತಿದ್ದವು, ಮಗುವಿನ ಎತ್ತರದಿಂದ ಬರೀ ಪಕ್ಕೆ ಕಾಣುತ್ತದೆ. ದಿಗಂತವನ್ನು ಮೂರಡಿಗೆ ಇಳಿಸಿದೆ. ಅವ್ವನ ಸೊಂಟದವರೆಗೆ ಸಮುದ್ರ, ಹೆಗಲು ತಲೆ ಎಲ್ಲ ಆಕಾಶದಲ್ಲಿ.

ಚಿತ್ರ ಒಯ್ಯಲು ಅಪ್ಪ ಮಗ ಇಬ್ಬರೂ ಬಂದರು. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಚಪ್ಪಲಿ ತೆಗೆದುಬಿಡ್ತೀರಾ ಸಾ? ಅವ್ವ ನೀರಿಗೆ ಚಪ್ಪಲಿ ಹಾಕ್ಕೊಂಡು ಇಳೀತಿರ್ಲಿಲ್ಲ" ಎಂದರು. ಇನ್ನೊಂದು ವಾರ ಇಟ್ಟುಕೊಂಡೆ. ಚಪ್ಪಲಿ ಕೆರೆದು ತೆಗೆದು, ಬರಿಗಾಲು ಬರೆದು, ಹಿಮ್ಮಡಿಯ ಸುತ್ತ ಒದ್ದೆ ಮರಳು ಹಾಕಿದೆ.