ಎಲೆ ತೊಟ್ಟಿನ ಸಿಹಿ ಯಾರಿಗೆ?

ಕೋಲಾರದ ಕಡೆ ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹರಳು ಗಿಡ ಕಂಡರೆ ಎಲೆಯ ತೊಟ್ಟು ನೋಡಿ. ತೊಟ್ಟು ಎಲೆಗೆ ಸೇರುವ ಕಡೆ ಸಣ್ಣ ಗಂಟುಗಳಿರುತ್ತವೆ. ಅದರಲ್ಲಿ ಸಿಹಿ ರಸ ಜಿನುಗುತ್ತದೆ, ಇರುವೆ ಬಂದು ನೆಕ್ಕುತ್ತದೆ. ಹೂವಿನ ಮಕರಂದ ಜೇನಿಗೆ, ಸರಿ. ಎಲೆಯ ಹತ್ತಿರ ಯಾಕೆ?

19ನೇ ಶತಮಾನದಲ್ಲೇ ಇದಕ್ಕೆ ವಾದ ನಡೆದಿತ್ತು. ಇರುವೆ, ಕಣಜಗಳನ್ನು ಕಾವಲಿಗೆ ಕರೆಯೋಕೆ ಗಿಡ ಹೂಡಿದ ಉಪಾಯ ಇದು ಎಂದರು ಇಟಲಿಯ ಸಸ್ಯವಿಜ್ಞಾನಿ ಫೆಡೆರಿಕೊ ಡೆಲ್ಪಿನೊ. ತಾನು ನೋಡಿದ ಮೂರು ಗಿಡಗಳಲ್ಲಿ ಹಾಗೇನೂ ಕಾಣಲಿಲ್ಲ ಎಂದು 1876ರಲ್ಲಿ ಬರೆದರು ಡಾರ್ವಿನ್.

ಅಷ್ಟರಲ್ಲಿ ನಿಕರಾಗುವಾದಿಂದ ಒಂದು ಸಾಕ್ಷಿ ಬಂದಿತ್ತು. ತಂದವರು ಥಾಮಸ್ ಬೆಲ್ಟ್, ಚಿನ್ನದ ಗಣಿಯ ಎಂಜಿನಿಯರ್. (ಕೆಜಿಎಫ್ ಸೀಮೆಯವರಿಗೆ ಇಷ್ಟವಾಗುವ ವಿಷಯ, ಅಲ್ವಾ?) ಅಲ್ಲಿನ ಒಂದು ಜಾಲಿ ಜಾತಿಯ ಮರದ ಮುಳ್ಳು ದಪ್ಪಗೆ, ಕೋಡಿನ ಹಾಗೆ ಇರುತ್ತದೆ. ಅದನ್ನು ಕೊರೆದು ಟೊಳ್ಳು ಮಾಡಿಕೊಂಡು ಇರುವೆ ಸಂಸಾರ ಹೂಡುತ್ತದೆ. ಕುಡಿಯೋಕೆ ತೊಟ್ಟಿನ ರಸ. ತಿನ್ನೋಕೆ ಎಲೆಯ ತುದಿಯಲ್ಲಿ ಪ್ರೋಟೀನ್, ಕೊಬ್ಬು ತುಂಬಿದ ಪುಟ್ಟ ಕಾಳು. ಮರ ಮುಟ್ಟಿದವರಿಗೆ ಕಡಿತ. ಇದನ್ನೆಲ್ಲ ಬೆಲ್ಟ್ 1874ರಲ್ಲಿ ಬರೆದರು.

ಆದರೂ ಅದು ಕಣ್ಣಿಗೆ ಕಂಡದ್ದಷ್ಟೇ, ಪರೀಕ್ಷೆ ಅಲ್ಲ. ಆ ಕೆಲಸ ಮಾಡಿದವರು ಅಮೆರಿಕದ ಜೀವವಿಜ್ಞಾನಿ ಡೇನಿಯಲ್ ಜಾನ್ಜೆನ್. ಮೆಕ್ಸಿಕೊದಲ್ಲಿ ಇಂಥದೇ ಜಾಲಿಯ ಕೆಲವು ಮರಗಳ ಇರುವೆ ತೆಗೆದರು, ಕೆಲವನ್ನು ಹಾಗೇ ಬಿಟ್ಟರು. ಇರುವೆ ಇಲ್ಲದ ಮರಗಳನ್ನು ಹುಳು ತಿಂದವು, ಬಳ್ಳಿ ಮುಚ್ಚಿಕೊಂಡಿತು, ಜಾಸ್ತಿ ಮರ ಸತ್ತವು. 1966ರಲ್ಲಿ ಇದು ಪ್ರಕಟವಾದ ಮೇಲೆ ಹಳೇ ವಾದ ಹೆಚ್ಚುಕಡಿಮೆ ಮುಗಿಯಿತು.

ಹಾಗಂತ ಇದನ್ನು ಸ್ನೇಹ ಅನ್ನೋಕೆ ನನಗೆ ಮನಸ್ಸಿಲ್ಲ. ಆ ಜಾಲಿಯ ರಸದಲ್ಲಿರುವ ಒಂದು ಕಿಣ್ವ, ಇರುವೆ ಮಾಮೂಲಿ ಸಕ್ಕರೆ ಅರಗಿಸಿಕೊಳ್ಳದ ಹಾಗೆ ಮಾಡುತ್ತದೆ ಎಂದು 2014ರಲ್ಲಿ ಗೊತ್ತಾಯಿತು. ಒಮ್ಮೆ ಕುಡಿದರೆ ಅದೇ ಮರವೇ ಗತಿ. ಇದು ಜೀತ! ಮರವೂ ಸುಮ್ನೆ ಕೂಲಿ ಕೊಡೋದಿಲ್ಲ. ಕೀನ್ಯಾದಲ್ಲಿ ಹತ್ತು ವರ್ಷ ಬೇಲಿ ಹಾಕಿ ಆನೆ, ಜಿರಾಫೆ ಬಾರದಂತೆ ತಡೆದಾಗ ಅಲ್ಲಿನ ಇರುವೆ ಸಾಕುವ ಜಾಲಿ ಮರಗಳು ರಸ ಕಡಿಮೆ ಮಾಡಿದವು. ಕಾವಲಿನ ಇರುವೆ ಕ್ಷೀಣಿಸಿ, ಉಪಯೋಗಕ್ಕೆ ಬಾರದ ಬೇರೆ ಇರುವೆ ಸೇರಿಕೊಂಡಿತು. ಮರಗಳಿಗೇ ನಷ್ಟ.

ನಮ್ಮ ಅಲಸಂದೆಗೂ ಹೂಗೊಂಚಲಿನ ಕಾವಿನಲ್ಲಿ ಇಂಥ ಗಂಟುಗಳಿವೆ. ಆದರೆ ಬಳ್ಳಿಗೆ ಕಪ್ಪು ಹೇನು ಹತ್ತಿದ್ದರೆ ಲೆಕ್ಕ ಬೇರೆ. ಹೇನು ಬಿಡುವ ಸಿಹಿ ಅಂಟಿಗಾಗಿ ಇರುವೆ ಹೇನನ್ನೇ ಕಾಯುತ್ತದೆ, ಹೇನು ತಿನ್ನೋಕೆ ಬಂದ ಗುಲಗಂಜಿ ಹುಳುವನ್ನು ಓಡಿಸುತ್ತದೆ. ಔಷಧಿ ಹೊಡೆಯೋಕೆ ಮುಂಚೆ ಇರುವೆ ಸಾಲು ಗಂಟಿಗೆ ಹೋಗುತ್ತಿದೆಯಾ, ಹೇನಿಗೆ ಹೋಗುತ್ತಿದೆಯಾ ನೋಡಿಕೊಳ್ಳಿ.