ಡ್ರೈವರ್ ರಜೆ ಎಲ್ಲಿಂದ ಎಣಿಸ್ತೀರಿ?

ಲಾರಿ ಕಂಪನಿಗಳಿಗೆ ರಜೆ ಪಾಲಿಸಿ ಬರ್ಕೊಡೋದು, ಇರೋದನ್ನ ರಿಪೇರಿ ಮಾಡೋದು ನನ್ನ ಕೆಲಸ. ಹೊಸ ಕಂಪನಿಗೆ ಹೋದ್ರೆ ನಾನು ಮೊದಲು ಫೈಲ್ ಕೇಳಲ್ಲ, ಎರಡು ನಂಬರ್ ಕೇಳ್ತೀನಿ, ಗಾಡಿ ಎಷ್ಟಿವೆ, ಡ್ರೈವರ್ ಎಷ್ಟು ಜನ ಇದಾರೆ ಅಂತ. ಎರಡೂ ಒಂದೇ ನಂಬರ್ ಬಂತೋ, ಮುಗೀತು, ಫೈಲಲ್ಲಿ ಏನೇ ಚೆಂದ ಬರ್ದಿರ್ಲಿ ಅಲ್ಲಿ ಯಾರಿಗೂ ನೆಟ್ಟಗೆ ರಜೆ ಸಿಗ್ತಿಲ್ಲ.

ಲೆಕ್ಕ ಹಾಕಿ ನೋಡಿ. ತಿಂಗಳಿಗೆ 4 ದಿನ ಅಂದ್ರೂ ವರ್ಷಕ್ಕೆ 48, ವಾರ್ಷಿಕ ರಜೆ 20 ಅಂತಿಟ್ಕೊಳ್ಳಿ, ಹುಷಾರಿಲ್ಲ ಅಂತ ಒಂದು 7, ಒಟ್ಟು 75 ದಿನ. ಉಳಿಯೋದು 290. ಹತ್ತು ಗಾಡಿ ವರ್ಷಪೂರ್ತಿ ಓಡ್ಬೇಕು ಅಂದ್ರೆ 3650 ದಿನದ ಡ್ಯೂಟಿ, ಅದನ್ನ 290ರಿಂದ ಭಾಗಿಸಿದ್ರೆ ಹನ್ನೆರಡೂವರೆ ಮೇಲೆ ಬರುತ್ತೆ, ಅಂದ್ರೆ 13 ಜನ ಬೇಕು. ಹತ್ತೇ ಜನ ಇಟ್ಕೊಂಡು ಹತ್ತೂ ಗಾಡಿ ಓಡಿಸ್ತಿದೀವಿ ಅಂತ ಹೆಮ್ಮೆಯಿಂದ ಹೇಳ್ತಾರಲ್ಲ, ಆ ಮೂರು ಜನರ ಸಂಬಳ ಉಳಿಸಿರೋದು ಹತ್ತು ಜನರ ರಜೆ ಕತ್ತರಿಸಿ. ಡ್ರೈವರ್ ರಜೆ ಹೋದಾಗ ಗಾಡಿ ನಿಲ್ಲಿಸಿಬಿಡ್ತೀವಿ ಅನ್ನೋ ಮಾಲೀಕರೂ ಇದಾರೆ, ಅದು ಪ್ರಾಮಾಣಿಕ ದಾರಿನೇ, ಆದ್ರೆ ಸಾಲದ ಕಂತು ಕಟ್ಟೋ ವಾರ ಬಂದಾಗ ಆ ಮಾತು ಎಷ್ಟು ಗಟ್ಟಿ ನಿಲ್ಲುತ್ತೆ ಅನ್ನೋದನ್ನ ನಾನು ನೋಡಿದೀನಿ.

ಇನ್ನು ಎಲ್ಲರೂ ಮಾಡೋ ದೊಡ್ಡ ಗೊಂದಲ, ವಿಶ್ರಾಂತಿನೂ ರಜೆನೂ ಒಂದೇ ಅನ್ಕೊಳ್ಳೋದು. ಅಮೆರಿಕದಲ್ಲಿ ಲೋಡ್ ಗಾಡಿ ಓಡಿಸೋರಿಗೆ 14 ಗಂಟೆ ಒಳಗೆ 11 ಗಂಟೆ ಡ್ರೈವಿಂಗ್, ಆಮೇಲೆ 10 ಗಂಟೆ ಆಫ್, 8 ದಿನಕ್ಕೆ 70 ಗಂಟೆ ಲಿಮಿಟ್ ಮುಗಿದ್ರೆ 34 ಗಂಟೆ ಸತತ ಆಫ್ ತಗೊಂಡ್ರೆ ಮೀಟರ್ ಮತ್ತೆ ಸೊನ್ನೆಯಿಂದ. ಆ 34 ಗಂಟೆ ಹೆಂಡತಿ ಮಕ್ಕಳ ಜೊತೆ ಕಳೆದ್ರೂ ಅಷ್ಟೇ, ಮನೆಯಿಂದ ಸಾವಿರ ಕಿಲೋಮೀಟರ್ ದೂರ ಯಾವುದೋ ಪಾರ್ಕಿಂಗಲ್ಲಿ ಕ್ಯಾಬಿನ್ ಒಳಗೆ ಮಲಗಿದ್ರೂ ಅಷ್ಟೇ, ಕಾನೂನಿಗೆ ಎರಡೂ ಒಂದೇ. ಅದು ತಪ್ಪು ಅಂತ ಅಲ್ಲ, ಆ ರೂಲ್ ಬರೆದಿರೋದು ಸ್ಟೇರಿಂಗ್ ಮೇಲೆ ನಿದ್ದೆ ಬರಬಾರ್ದು ಅಂತ, ಸಂಸಾರ ನಡೀಲಿ ಅಂತ ಅಲ್ಲ. ಅಲ್ಲಿ ಪೇಯ್ಡ್ ರಜೆ ಕೊಡ್ಲೇಬೇಕು ಅನ್ನೋ ಫೆಡರಲ್ ಕಾನೂನೇ ಇಲ್ಲ, ಎಲ್ಲಾ ಕಂಪನಿ ಪಾಲಿಸಿ ಮೇಲೆ.

ಯುರೋಪಿಯನ್ ಯೂನಿಯನ್ ಇದನ್ನ ಸ್ವಲ್ಪ ಬಿಡಿಸಿ ನೋಡಿದೆ. ಅಲ್ಲಿ ವಾರದ ಪೂರ್ತಿ ವಿಶ್ರಾಂತಿ 45 ಗಂಟೆ, ಅದನ್ನ ಕ್ಯಾಬಿನ್ನಲ್ಲಿ ಕಳೆಯೋ ಹಾಗಿಲ್ಲ ಅಂತ 2017ರಲ್ಲಿ ಅವರ ಕೋರ್ಟ್ ಹೇಳ್ತು, 2020ರಲ್ಲಿ ರೂಲಲ್ಲೇ ಸೇರಿಸಿದ್ರು, ಜೊತೆಗೆ ಸಾಮಾನ್ಯವಾಗಿ 4 ವಾರಕ್ಕೊಂದ್ಸಲ ಡ್ರೈವರ್ ಮನೆಗೆ ಅಥವಾ ಕಂಪನಿ ಇರೋ ಕಡೆಗೆ ವಾಪಸ್ ಬರೋ ಹಾಗೆ ಕೆಲಸ ಪ್ಲಾನ್ ಮಾಡೋದು ಕಂಪನಿ ಜವಾಬ್ದಾರಿ ಅಂದ್ರು. ಮನೆ ಅನ್ನೋ ಪದ ಕಾನೂನಲ್ಲಿ ಬಂದಿದ್ದೇ ನನಗೆ ದೊಡ್ಡದು ಅನ್ಸುತ್ತೆ. ನಮ್ಮ ದೇಶದ 1961ರ ಮೋಟಾರ್ ಟ್ರಾನ್ಸ್‌ಪೋರ್ಟ್ ವರ್ಕರ್ಸ್ ಆಕ್ಟಲ್ಲೂ ವಾರಕ್ಕೊಂದು ರಜೆ, ವರ್ಷಕ್ಕೆ 240 ದಿನ ಕೆಲಸ ಮಾಡಿದ್ರೆ 20 ದಿನಕ್ಕೊಂದು ಸಂಬಳದ ರಜೆ ಅಂತ ಬರ್ದಿತ್ತು, ಆದ್ರೆ ಅದು 5 ಅಥವಾ ಹೆಚ್ಚು ಜನ ಇರೋ ಸಂಸ್ಥೆಗಳಿಗೆ, ಒಂದೆರಡು ಗಾಡಿ ಇಟ್ಕೊಂಡೋರು ಅದರ ಲೆಕ್ಕಕ್ಕೇ ಬರ್ತಿರ್ಲಿಲ್ಲ.

ಪಾಲಿಸಿಯಲ್ಲಿ ನಾನು ಮೊದಲು ತಿದ್ದೋ ಸಾಲು, ರಜೆ ಯಾವಾಗ ಶುರು ಅನ್ನೋದು. ಎರಡು ದಿನ ರಜೆ ಅಂತಾರೆ, ಶುಕ್ರವಾರ ಸಂಜೆ 6ಕ್ಕೆ ಡಿಪೋದಲ್ಲಿ ಕೀ ಕೊಟ್ಟ ಕ್ಷಣದಿಂದ ಎಣಿಸ್ತಾರೆ, ಡ್ರೈವರ್ ಮನೆ ಸೇರೋದು ರಾತ್ರಿ 11ಕ್ಕೆ, ಶನಿವಾರ ಅರ್ಧ ದಿನ ನಿದ್ದೆಗೇ ಹೋಯ್ತು, ಭಾನುವಾರ ಸಂಜೆ 6ಕ್ಕೆ ಹಾಜರಿರ್ಬೇಕು ಅಂದ್ರೆ ಮಧ್ಯಾಹ್ನ ಒಂದು ಗಂಟೆಗೆ ಮನೆ ಬಿಡ್ಬೇಕು. ಪುಸ್ತಕದಲ್ಲಿ 48 ಗಂಟೆ, ಮನೆಯಲ್ಲಿ 38, ಅದರಲ್ಲಿ ಎಚ್ಚರ ಇದ್ದಿದ್ದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಅದಕ್ಕೇ ನಾನು ಮನೆ ಬಾಗಿಲಿಂದ ಮನೆ ಬಾಗಿಲಿಗೆ ಅಂತ ಬರೆಸ್ತೀನಿ. ಮಾಲೀಕರು ಮುಖ ಹುಳಿ ಮಾಡ್ಕೊಳ್ತಾರೆ, ಮಾಡ್ಕೊಳ್ಳಲಿ.

ಎರಡನೇದು ದುಡ್ಡು, ಇದು ಇನ್ನೂ ಸೂಕ್ಷ್ಮ. ಕಿಲೋಮೀಟರ್ ಲೆಕ್ಕದಲ್ಲೋ ಟ್ರಿಪ್ ಲೆಕ್ಕದಲ್ಲೋ ದುಡಿಯೋನಿಗೆ ಗಾಡಿ ನಿಂತ್ರೆ ಸಂಪಾದನೆ ನಿಂತಂಗೆ. ರಜೆಗೆ ಬರೀ ಬೇಸಿಕ್ ಕೊಟ್ರೆ ಅವನು ರಜೆ ಕೇಳೋದೇ ಇಲ್ಲ, ಆಮೇಲೆ ಮ್ಯಾನೇಜರು ನಮ್ಮ ಡ್ರೈವರ್‌ಗಳಿಗೆ ರಜೆ ಬೇಡ್ವಂತೆ ಸಾರ್ ಅಂತ ನನಗೇ ಹೇಳ್ತಾರೆ. ಯುರೋಪಿನ ಕೋರ್ಟ್ 2014ರಲ್ಲಿ ಒಬ್ಬ ಸೇಲ್ಸ್‌ಮ್ಯಾನ್ ಕೇಸಲ್ಲಿ ಇದನ್ನೇ ಹೇಳಿದ್ದು, ಕಮಿಷನ್ ಬಿಟ್ಟು ರಜೆ ಸಂಬಳ ಕೊಟ್ರೆ ಮನುಷ್ಯ ರಜೆ ತಗೊಳ್ಳೋಕೇ ಹಿಂಜರೀತಾನೆ ಅಂತ. ಬ್ರಿಟನ್ನಲ್ಲಿ ಸಂಬಳ ಏರುಪೇರಾಗೋರಿಗೆ ಹಿಂದಿನ 52 ವಾರದ ಸರಾಸರಿ ಹಿಡೀತಾರೆ, ಡ್ರೈವರ್‌ಗಳಿಗೆ ಅದೇ ಸರಿ, ಮೂರು ತಿಂಗಳ ಸರಾಸರಿ ತಗೊಂಡ್ರೆ ಡಲ್ ಸೀಸನ್ನಲ್ಲಿ ರಜೆ ಹೋದೋನು ಕೆಡ್ತಾನೆ.

ಬದಲಿ ಡ್ರೈವರ್ ಇಟ್ರೆ ಸಮಸ್ಯೆ ಮುಗೀತು ಅಂತಲ್ಲ. ತನ್ನ ಕ್ಯಾಬಿನ್ನಲ್ಲಿ ಇನ್ನೊಬ್ಬ ಮಲಗೋದು ಯಾರಿಗೂ ಇಷ್ಟ ಇಲ್ಲ, ಅದು ಅವನ ಎರಡನೇ ಮನೆ. ಹಾಸಿಗೆ ಬೇರೆ, ಬೀಗ ಇರೋ ಪೆಟ್ಟಿಗೆ ಬೇರೆ, ಒಪ್ಪಿಸುವಾಗ ಡ್ಯಾಮೇಜ್ ಫೋಟೋ, ಇಷ್ಟಾದ್ರೂ ಮಾಡಿ. ರೂಟ್ ಫಿಕ್ಸ್ ಇದ್ರೆ ರಿಲೇ ಇನ್ನೂ ಒಳ್ಳೇದು, ಸಾವಿರ ಕಿಲೋಮೀಟರ್ ರೂಟಲ್ಲಿ ಆ ಕಡೆಯಿಂದ ಒಬ್ಬ ಈ ಕಡೆಯಿಂದ ಒಬ್ಬ ಹೊರಟು ಮಧ್ಯದಲ್ಲಿ ಟ್ರೇಲರ್ ಬದಲಾಯಿಸ್ಕೊಂಡು ವಾಪಸ್ ತಿರುಗಿದ್ರೆ ಇಬ್ರೂ ಮಾರನೇ ದಿನ ಮನೆಯಲ್ಲಿರ್ತಾರೆ. ಎರಡೂ ಕಡೆ ಲೋಡ್ ಇರ್ಬೇಕು, ಅದೇ ಕಷ್ಟ.

ಆದ್ರೆ ಕೊನೆಗೆ ರಜೆ ಕೊಡೋದು ಎಚ್ಆರ್ ಅಲ್ಲ, ಗಾಡಿ ಕಳಿಸೋ ಡಿಸ್ಪ್ಯಾಚರ್. ಅವನನ್ನ ದಿನಾ ಕೇಳೋ ಪ್ರಶ್ನೆ ಒಂದೇ, ಯಾವ ಗಾಡಿ ಖಾಲಿ ನಿಂತಿದೆ ಅಂತ. ಹಾಗಾಗಿ ಗುರುವಾರ ರಾತ್ರಿ ಫೋನ್ ಮಾಡಿ, ಅಣ್ಣಾ ಇದೊಂದು ಲೋಡ್ ಹಾಕ್ಬಿಡು, ಬಂದ್ಮೇಲೆ ಮೂರು ದಿನ ಇರು ಅಂತಾನೆ, ಆ ಮೂರು ದಿನ ಎಲ್ಲೂ ಬರ್ದಿರಲ್ಲ. ನಾನು ಅವನ ರಿಪೋರ್ಟಲ್ಲಿ ಎರಡು ಕಾಲಂ ಸೇರಿಸ್ತೀನಿ, ಮನೆಗೆ ಕಳಿಸ್ತೀವಿ ಅಂತ ಹೇಳಿದ ತಾರೀಕು, ನಿಜವಾಗ್ಲೂ ಮನೆ ಸೇರಿದ ತಾರೀಕು. ಮೊದಲ ತಿಂಗಳು ಎರಡನೇ ಕಾಲಂ ಖಾಲಿ ಬರುತ್ತೆ, ಎಲ್ಲಾ ಕಂಪನಿಯಲ್ಲೂ. ಆಗ ಡ್ರೈವರ್‌ಗೇ ಫೋನ್ ಮಾಡಿ ಕೇಳಿ ನಾನೇ ತುಂಬ್ತೀನಿ.