ಬೆಳಗಿನ ಕಪ್ಪು ಮೂತ್ರ ಮತ್ತು ಕೊಬ್ಬಿನ ತೆಪ್ಪಗಳು

ಶಿಡ್ಲಘಟ್ಟದ ಕಡೆಯ ಹುಡುಗ, ರೇಷ್ಮೆ ರೀಲಿಂಗ್ ಕೆಲಸ. ಚಿಕ್ಕಬಳ್ಳಾಪುರದ ನಮ್ಮ ಲ್ಯಾಬಿಗೆ ಬಂದಾಗ ಹಿಮೋಗ್ಲೋಬಿನ್ ತುಂಬಾ ಕಡಿಮೆ, 6.8 ಇತ್ತು. "ಡಾಕ್ಟ್ರೇ, ಬೆಳಿಗ್ಗೆ ಎದ್ದಾಗ ಮೂತ್ರ ಕಾಫಿ ಡಿಕಾಕ್ಷನ್ ಥರ ಬರುತ್ತೆ, ಮಧ್ಯಾಹ್ನದ ಹೊತ್ತಿಗೆ ತಿಳಿಯಾಗುತ್ತೆ" ಅಂದ. ಅಷ್ಟರಲ್ಲಿ ಕಾಮಾಲೆ ಅಂತ ನಾಟಿ ಔಷಧಿ, ಕಿಡ್ನಿ ಕಲ್ಲು ಅಂತ ಮಾತ್ರೆ, ಎರಡೂ ಆಗಿದ್ದವು.

ಮೂತ್ರಕ್ಕೆ ಟೆಸ್ಟ್ ಪಟ್ಟಿ ಅದ್ದಿದರೆ ರಕ್ತ ಇದೆ ಅಂತ ತೋರಿಸಿತು. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಂಪು ರಕ್ತಕಣ ಒಂದೂ ಇಲ್ಲ. ಮೇಲಿನ ನೀರು ಮಾತ್ರ ಹಾಗೇ ಕಪ್ಪುಗೆಂಪು. ಅಂದರೆ ಕಣಗಳು ರಕ್ತನಾಳದ ಒಳಗೇ ಒಡೆದುಹೋಗಿ, ಅವುಗಳಲ್ಲಿದ್ದ ಹಿಮೋಗ್ಲೋಬಿನ್ ಸೋರಿ ಬರುತ್ತಿದೆ. ಮೈಯ ಪ್ರತಿಕಾಯಗಳೇ ಕಣಗಳನ್ನು ಒಡೆಯುತ್ತಿವೆಯಾ ಅಂತ ನೋಡುವ ಕೂಂಬ್ಸ್ ಟೆಸ್ಟ್ ನೆಗೆಟಿವ್ ಬಂತು. ಕಣಗಳ ಹೊರಮೈಯ ಪ್ರೋಟೀನುಗಳನ್ನು ಪರೀಕ್ಷಿಸುವ ಫ್ಲೋ ಸೈಟೋಮೆಟ್ರಿಗೆ ಬೆಂಗಳೂರಿಗೆ ಕಳಿಸಿದೆವು. ಪಿಎನ್‌ಎಚ್, ಅಂದರೆ ರಕ್ತಕಣಗಳು ಒಡೆದು ಹಿಮೋಗ್ಲೋಬಿನ್ ಮೂತ್ರದಲ್ಲಿ ಹೋಗುವ ಒಂದು ಕಾಯಿಲೆ, ಅಂತ ರಿಪೋರ್ಟ್ ಬಂತು.

ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಅಂತ ಒಂದು ಕಾವಲು ಪಡೆ ಇದೆ. ಹೊರಗಿನ ಕ್ರಿಮಿಗಳನ್ನು ತೂತು ಮಾಡಿ ಕೊಲ್ಲುವುದು ಅದರ ಕೆಲಸ. ನಮ್ಮದೇ ಕಣಗಳನ್ನು ಅದು ಮುಟ್ಟದ ಹಾಗೆ ಸಿಡಿ55, ಸಿಡಿ59 ಅನ್ನುವ ಪ್ರೋಟೀನುಗಳು ಕಣದ ಹೊರಮೈಯಲ್ಲಿ ಕಾಯುತ್ತವೆ. ಇವು ಕಣದ ಪೊರೆಯನ್ನು ಕೊರೆದು ಒಳಗೆ ಹೋಗುವುದಿಲ್ಲ. ಜಿಪಿಐ ಅನ್ನುವ ಕೊಬ್ಬಿನ ಗೂಟವನ್ನು ಪೊರೆಯ ಹೊರಪದರಕ್ಕೆ ನಾಟಿ, ಅದಕ್ಕೆ ಕಟ್ಟಿದ ದನದ ಹಾಗೆ ನಿಂತಿರುತ್ತವೆ. ಈ ಹುಡುಗನ ಮೂಳೆ ಮಜ್ಜೆಯಲ್ಲಿ ಪಿಗ್-ಎ ಅನ್ನುವ ಜೀನ್ ಕೆಟ್ಟು ಗೂಟವೇ ತಯಾರಾಗುತ್ತಿಲ್ಲ. ಗೂಟ ಇಲ್ಲ, ಕಾವಲೂ ಇಲ್ಲ.

ಗೂಟ ನಾಟುವ ಜಾಗ ಎಂಥದ್ದು ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ. ಪೊರೆ ಅಂದರೆ ಎರಡು ಪದರ ಕೊಬ್ಬು, ದಪ್ಪ ಸುಮಾರು 5 ನ್ಯಾನೋಮೀಟರ್. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಅನ್ನುವ ವಿಜ್ಞಾನಿಗಳು ಇದನ್ನು ಪ್ರೋಟೀನುಗಳು ತೇಲಾಡುವ ತೆಳ್ಳನೆಯ ಕೊಬ್ಬಿನ ಹಾಳೆ ಅಂತ ವಿವರಿಸಿದರು. ನಾವು ಕಾಲೇಜಿನಲ್ಲಿ ಓದಿದ್ದೂ ಅಷ್ಟೇ. ಆದರೆ ಕೊಬ್ಬೆಲ್ಲ ಒಂದೇ ಥರ ಇರುವುದಿಲ್ಲ ಅಲ್ವಾ? ಡಿಸೆಂಬರ್ ತಿಂಗಳ ಬೆಳಿಗ್ಗೆ, ನಂದಿ ಬೆಟ್ಟದ ಕಡೆಯಿಂದ ಚಳಿ ಗಾಳಿ ಬೀಸುವಾಗ, ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿರುತ್ತದೆ, ಪಕ್ಕದಲ್ಲೇ ಇರುವ ಕಡಲೆಕಾಯಿ ಎಣ್ಣೆ ಮಾತ್ರ ಸಲೀಸಾಗಿ ಹರಿಯುತ್ತದೆ. ಕೊಬ್ಬರಿ ಎಣ್ಣೆಯ ಕೊಬ್ಬಿನ ಬಾಲಗಳು ಬಹುತೇಕ ನೆಟ್ಟಗಿದ್ದು ಒತ್ತೊತ್ತಾಗಿ ಕೂರುತ್ತವೆ. ಕಡಲೆಕಾಯಿ ಎಣ್ಣೆಯಲ್ಲಿ ಮಂಡಿ ಮಡಚಿದಂತೆ ಬಾಗಿದವೇ ಜಾಸ್ತಿ, ಒತ್ತಾಗಿ ಕೂರಲು ಆಗುವುದಿಲ್ಲ.

ಪೊರೆಯಲ್ಲೂ ಎರಡೂ ಥರದವು ಇವೆ. ಸ್ಫಿಂಗೋಲಿಪಿಡ್ ಅನ್ನುವ ನೆಟ್ಟ ಬಾಲದವು ಒಂದು ಕಡೆ ಸೇರಿದಾಗ ಸಂದಿಯಲ್ಲಿ ಕೊಲೆಸ್ಟ್ರಾಲ್ ಬಂದು ಕೂರುತ್ತದೆ. ಆ ಜಾಗ ಗಡ್ಡೆ ಕಟ್ಟುವುದಿಲ್ಲ, ಸುತ್ತಲಿಗಿಂತ ಸ್ವಲ್ಪ ಬಿಗಿಯಾಗುತ್ತದೆ ಅಷ್ಟೆ. ಕೈ ಸಿಮೋನ್ಸ್ ಮತ್ತು ಎಲಿನಾ ಇಕೋನೆನ್ 1997ರಲ್ಲಿ ಇಂಥ ಜಾಗಗಳನ್ನು ತೆಪ್ಪಗಳು ಅಂತ ಕರೆದರು. ಗೂಟದ ಪ್ರೋಟೀನುಗಳು ಇಲ್ಲೇ ಹೆಚ್ಚು ಸೇರುತ್ತವೆ. ಜೊತೆಗೆ ಕೆಲಸ ಮಾಡಬೇಕಾದ ಪ್ರೋಟೀನುಗಳು ಅಕ್ಕಪಕ್ಕ ಸಿಗುವುದರಿಂದ ಹೊರಗಿನ ಸುದ್ದಿ ಬೇಗ ಒಳಗೆ ಮುಟ್ಟುತ್ತದೆ. ಕಾಲರಾ ವಿಷವೂ ಕರುಳಿನ ಕೋಶಕ್ಕೆ ಇದೇ ದಾರಿ ಹಿಡಿಯುತ್ತದೆ, ಜಿಎಂ1 ಅನ್ನುವ ಕೊಬ್ಬನ್ನು ಐದು ಕೈಗಳಿಂದ ಹಿಡಿದು.

ಇದರ ಮೇಲೆ ದೊಡ್ಡ ಜಗಳವೇ ನಡೆಯಿತು. ಮೊದಲೆಲ್ಲ ಕೋಶಗಳನ್ನು 4 ಡಿಗ್ರಿ ಚಳಿಯಲ್ಲಿ ಡಿಟರ್ಜೆಂಟಿಗೆ ಹಾಕಿ, ಕರಗದೆ ಉಳಿದದ್ದೇ ತೆಪ್ಪ ಅನ್ನುತ್ತಿದ್ದರು. ಕೊಬ್ಬರಿ ಎಣ್ಣೆ ನೆನಪಿಸಿಕೊಳ್ಳಿ. ಚಳಿಗೆ ಕೊಬ್ಬು ತಾನಾಗಿಯೇ ಗಟ್ಟಿಯಾಗಿ ಒಂದಕ್ಕೊಂದು ಅಂಟುತ್ತದೆ, ಹಾಗಾದರೆ ನೋಡಿದ್ದು ತೆಪ್ಪವೋ ಚಳಿಯ ಕೆಲಸವೋ? ಆ ಆಕ್ಷೇಪ ನ್ಯಾಯವಾಗಿತ್ತು ಅಂತಲೇ ನಾನು ಹೇಳುತ್ತೇನೆ. 2006ರಲ್ಲಿ ವಿಜ್ಞಾನಿಗಳು ಕೂತು, ಇವು 10ರಿಂದ 200 ನ್ಯಾನೋಮೀಟರಿನ, ಸದಾ ಕೂಡಿ ಬಿಡುವ ಸಣ್ಣ ಗುಂಪುಗಳು ಅಂತ ಒಪ್ಪಿದರು. ಕೆಂಪು ರಕ್ತಕಣವೇ ಏಳೂವರೆ ಸಾವಿರ ನ್ಯಾನೋಮೀಟರ್ ಅಗಲ, ಹಾಗಾಗಿ ನನ್ನ ಮೈಕ್ರೋಸ್ಕೋಪಿಗೆ ಇವು ಯಾವತ್ತೂ ಕಾಣುವುದಿಲ್ಲ.

ಬದುಕಿರುವ ಕೋಶದಲ್ಲೇ ಇದನ್ನು ಅಳೆದವರಲ್ಲಿ ನಮ್ಮ ಪಕ್ಕದವರೂ ಇದ್ದಾರೆ. ಚಿಕ್ಕಬಳ್ಳಾಪುರದ ಬಸ್ಸು ಯಲಹಂಕ ದಾಟಿ ಹೆಬ್ಬಾಳಕ್ಕೆ ಹೋಗುವಾಗ ಜಿಕೆವಿಕೆ ಸಿಗುತ್ತದಲ್ಲ, ಅದರ ಒಳಗೆ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನದ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ಸತ್ಯಜಿತ್ ಮೇಯರ್ ಅವರ ತಂಡ ಗೂಟದ ಪ್ರೋಟೀನುಗಳಲ್ಲಿ ಒಂದಷ್ಟು ಹೆಚ್ಚೆಂದರೆ ನಾಲ್ಕರ ಪುಟ್ಟ ಗುಂಪಾಗಿ ಇರುತ್ತವೆ ಅಂತ 2004ರಲ್ಲಿ ತೋರಿಸಿತು. ಪೊರೆಯ ಕೆಳಗಿನ ಆಕ್ಟಿನ್ ಎಳೆಗಳು ಈ ಗುಂಪುಗಳನ್ನು ಕೂಡಿಸುತ್ತವೆ ಅನ್ನುವುದನ್ನೂ ಅವರು ಆಮೇಲೆ ಹೇಳಿದರು. ಅಂದರೆ ತೆಪ್ಪ ಸುಮ್ನೆ ತೇಲುವುದಲ್ಲ, ಕೆಳಗಿನಿಂದ ಕೋಶವೇ ಅದನ್ನು ನಡೆಸುತ್ತದೆ. ಎಷ್ಟೋ ಸಲ ಆ ಗೇಟಿನ ಮುಂದೆ ಹೋಗಿದ್ದೇನೆ. ಆ ಹುಡುಗನ ರಿಪೋರ್ಟ್ ತರಲು ಹೋದ ದಿನ ಬಸ್ಸಿನಿಂದ ಅದನ್ನೇ ನೋಡುತ್ತಾ ಕೂತಿದ್ದೆ.

ಕಾಂಪ್ಲಿಮೆಂಟ್ ತಡೆಯುವ ಇಂಜೆಕ್ಷನ್ ಇದೆ, ಬೆಲೆ ಮಾತ್ರ ನಮ್ಮ ಕಡೆಯ ಮನೆಗಳಿಗೆ ಎಟುಕುವುದಿಲ್ಲ. ಇದು ನನಗೆ ಸಂಕಟದ ವಿಷಯ. ಸದ್ಯಕ್ಕೆ ರಕ್ತ ಏರಿಸುವುದು, ಫೋಲಿಕ್ ಆಸಿಡ್, ಕಬ್ಬಿಣದ ಮಾತ್ರೆ.

ಹೋದ ಸಲ ಬಂದಾಗ ಅವರಮ್ಮ, "ಕೊಬ್ಬಿನಿಂದ ಬಂದ ಕಾಯಿಲೆ ಅಂದ್ರಲ್ಲ ಸಾರ್, ಎಣ್ಣೆ ತುಪ್ಪ ನಿಲ್ಲಿಸಿಬಿಟ್ಟೆ" ಅಂದರು. ನಾನು ಸರಿಯಾಗಿ ಬಿಡಿಸಿ ಹೇಳಿರಲಿಲ್ಲ. "ಹಾಗಲ್ಲಮ್ಮ, ಪೊರೆಗೆ ಬೇಕಾದ ಕೊಲೆಸ್ಟ್ರಾಲನ್ನು ಮೈಯೇ ಮಾಡಿಕೊಳ್ಳುತ್ತೆ, ಅದು ಇವನಲ್ಲಿ ಚೆನ್ನಾಗೇ ಇದೆ, ಗೂಟ ಮಾಡುವ ಕಡೆ ಕೆಟ್ಟಿದೆ, ಅದಕ್ಕೂ ತುಪ್ಪಕ್ಕೂ ಸಂಬಂಧ ಇಲ್ಲ" ಅಂತ ಕೂರಿಸಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಮುದ್ದೆಗೆ ತುಪ್ಪ ಹಾಕ್ಲಾ?" ಅಂತ ಕೇಳಿದರು.

ಹಾಕಿ ಅಂದೆ.